ಸಮಾಜಶಾಸ್ತ್ರದ ಮೇಡಂ ಕೇಳಿದ ಒಂದು ಪ್ರಶ್ನೆ

ನಮ್ಮ ಸಮಾಜಶಾಸ್ತ್ರದ ಮೇಡಂ ಅವರ ಎಡಭುಜ ಬಲಭುಜಕ್ಕಿಂತ ಸ್ವಲ್ಪ ಇಳಿದಿತ್ತು. ದಿನವೂ ಆ ಭುಜಕ್ಕೆ ಪೇಪರ್ ಕಟಿಂಗ್ ತುಂಬಿದ ಬಟ್ಟೆ ಚೀಲ ನೇತುಹಾಕಿಕೊಂಡು ಬನಶಂಕರಿಯಿಂದ ಜಯನಗರದ ನಮ್ಮ ಕಾಲೇಜಿಗೆ ನಡೆದೇ ಬರುತ್ತಿದ್ದರು. "ನಡ್ಕೊಂಡು ಬಂದ್ರೆ ಅರ್ಧ ಪಾಠ ದಾರೀಲೇ ಸಿಗತ್ತೆ" ಅನ್ನುತ್ತಿದ್ದರು. ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು, ಆಮೇಲೆ ಇಡೀ ಕ್ಲಾಸಿನಲ್ಲಿ ಅದನ್ನು ಹುಡುಕುತ್ತಿದ್ದರು. ನಾವು ಬೇಕಂತಲೇ ಹೇಳುತ್ತಿರಲಿಲ್ಲ.

ಸೋಮವಾರ ಬಂತೆಂದರೆ ಚೀಲದಿಂದ ಯಾವುದೋ ದೇಶ ಹೊರಗೆ ಬರುತ್ತಿತ್ತು. ಒಂದು ಕಡೆ ಹೆಣ್ಣುಮಕ್ಕಳಿಗೆ ಶಾಲೆ ಮುಚ್ಚಿದ್ದಾರೆ, ಇನ್ನೊಂದು ಕಡೆ ಜನ ದೋಣಿ ಹತ್ತಿ ಊರು ಬಿಡುತ್ತಿದ್ದಾರೆ. ನಾವು ಲೊಚಗುಟ್ಟಿದರೆ, "ಅಯ್ಯೋ ಪಾಪ ಅಂದ್ರೆ ಮಾರ್ಕ್ಸ್ ಇಲ್ಲ. ಯಾಕೆ ಹಾಗಾಯ್ತು, ಅದು ಹೇಳಿ" ಅನ್ನುತ್ತಿದ್ದರು.

ಎರಡನೇ ವರ್ಷದಲ್ಲಿ ಒಂದು ಕಟಿಂಗ್ ಓದಿ ನನ್ನ ರಕ್ತ ಕುದಿಯಿತು. ಎಲ್ಲೋ ದೂರದ ದೇಶದ ಕಾರ್ಖಾನೆಯಲ್ಲಿ ಹೆಂಗಸರನ್ನು ಕೆಲಸದ ನಡುವೆ ಟಾಯ್ಲೆಟ್ಟಿಗೆ ಬಿಡುತ್ತಿರಲಿಲ್ಲವಂತೆ. ಎಂಟು ಪುಟ ಬರೆದು ಕೊಟ್ಟೆ. ಮೇಡಂ ಮಾರ್ಕ್ಸ್ ಹಾಕದೆ, ಕೊನೆಯಲ್ಲಿ ಒಂದು ಸಾಲು ಬರೆದು ವಾಪಸ್ ಕೊಟ್ಟರು: "ನಿಮ್ಮ ಮನೆ ಕೆಲಸದವರು ಎಲ್ಲಿಗೆ ಹೋಗ್ತಾರೆ?"

"ಚಿಕ್ಕಲಸಂದ್ರಕ್ಕೆ ಹೋಗ್ತಾರೆ ಮೇಡಂ, ಅವರ ಮನೆ ಅಲ್ಲೇ" ಅಂದೆ.

ಮೇಡಂ ನಗಲಿಲ್ಲ. "ಮನೆಗಲ್ಲಮ್ಮ. ಟಾಯ್ಲೆಟ್ಟಿಗೆ."

ಕತ್ರಿಗುಪ್ಪೆಯ ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಅಕ್ಕನಿಗೆ ನಮ್ಮದು ಬೆಳಗಿನ ನಾಲ್ಕನೇ ಮನೆ. ಮಾರನೇ ದಿನ ಪಾತ್ರೆ ತೊಳೆಯುತ್ತಿದ್ದಾಗ ಹೋಗಿ ಕೇಳಿದೆ. ಅವರು ಅಮ್ಮನಿದ್ದ ಅಡುಗೆಮನೆ ಕಡೆ ಒಮ್ಮೆ ನೋಡಿ ನಲ್ಲಿ ಜೋರು ಮಾಡಿದರು.

"ಬೆಳಗ್ಗೆಯಿಂದ ನೀರೇ ಕುಡಿಯಲ್ಲ ಪುಟ್ಟಿ. ಕುಡಿದ್ರೆ ತಾನೇ ತಾಪತ್ರಯ? ಎರಡು ಗಂಟೆಗೆ ಮನೆಗೆ ಹೋಗಿ ಒಂದು ಚೊಂಬು ಕುಡೀತೀನಿ."

"ಅಮ್ಮನ್ನ ಕೇಳಬೋದಿತ್ತಲ್ಲ ಅಕ್ಕ?"

"ಅದನ್ನೆಲ್ಲ ಕೇಳ್ತಾರಾ?"

ಅಮ್ಮ ಕೊಟ್ಟ ಕಾಫಿಯನ್ನು ಅವರು ದಿನಾ ಅರ್ಧ ಕುಡಿದು ಅರ್ಧ ಚೆಲ್ಲುತ್ತಿದ್ದರು. ನಮ್ಮ ಮನೆ ಕಾಫಿ ಅವರಿಗೆ ಹಿಡಿಸುವುದಿಲ್ಲ ಎಂದು ಏಳು ವರ್ಷ ಅಂದುಕೊಂಡಿದ್ದೆ.

ಅಮ್ಮನಿಗೆ ಹೇಳಿದೆ. "ನಾನೇನು ಬೇಡ ಅಂದಿದ್ನಾ?" ಅಂದಳು. "ಹೋಗು ಅಂತಾನೂ ಅಂದಿಲ್ವಲ್ಲ" ಅಂದೆ. ಎರಡು ದಿನ ಅಮ್ಮ ನನ್ನೊಂದಿಗೆ ಮಾತು ಬಿಟ್ಟಳು. ಮೂರನೇ ದಿನ ಅಕ್ಕನಿಗೆ, ಬೈಯುವ ದನಿಯಲ್ಲೇ, "ಹಿಂದುಗಡೆ ಬಾತ್‌ರೂಮಿದೆ, ಯಾವಾಗ ಬೇಕಾದ್ರೂ ಹೋಗು" ಅಂದಳು. ಅಕ್ಕ ಹದಿನೈದು ದಿನ ಆ ಕಡೆ ಸುಳಿಯಲಿಲ್ಲ. ಆಮೇಲೆ ಒಂದು ದಿನ ಹೋದರು.

ಗೆದ್ದವಳಂತೆ ಸ್ಟಾಫ್ ರೂಮಿಗೆ ಹೋಗಿ ಇದನ್ನೆಲ್ಲ ಹೇಳಿದೆ. ಮೇಡಂ ತಿದ್ದುತ್ತಿದ್ದ ಪೇಪರ್ ಬದಿಗಿಟ್ಟರು. "ನಾನು ಇಪ್ಪತ್ತು ವರ್ಷ ಪಾಠ ಮಾಡಿದ್ರೂ ಇದನ್ನ ಕೇಳಿರಲಿಲ್ಲ ಕಣಮ್ಮ. ನಮ್ಮನೇಲಿ ಕೆಲಸ ಮಾಡ್ತಿದ್ದವರಿಗೆ ಮೂತ್ರದ ಸೋಂಕಾಗಿ ಕಿಡ್ನಿಗೆ ಏರಿತು. ಇವರು ನೀರು ಕುಡೀತಿರ್ಲಿಲ್ವಾ ಅಂತ ಡಾಕ್ಟರ್ ಕೇಳಿದ್ರು. ದಿನಾ ನನ್ನ ಕಣ್ಣೆದುರಿಗೇ ಇದ್ದವರು. ನನಗೆ ಗೊತ್ತಿರಲಿಲ್ಲ."

"ಉಳಿದ್ರಾ ಮೇಡಂ?"

ಇಲ್ಲವೆಂದು ತಲೆ ಆಡಿಸಿ, ಮುಂದಿನ ಕ್ಲಾಸಿಗೆ ಎದ್ದು ಹೋದರು.

ಈಗ ನಾನು ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಹೋದ ವರ್ಷ ಅಸೋಸಿಯೇಷನ್ ಮೀಟಿಂಗಿನಲ್ಲಿ, ಕೆಲಸಕ್ಕೆ ಬರುವವರಿಗೆ ಕೆಳಗೊಂದು ಟಾಯ್ಲೆಟ್ ಕಟ್ಟಿಸೋಣ ಅಂದೆ. "ಕ್ಲೀನ್ ಯಾರು ಇಟ್ಕೋತಾರೆ ಮೇಡಂ?" ಅಂದರು ಒಬ್ಬರು. ಮತಕ್ಕೆ ಹಾಕಿದಾಗ ಪರವಾಗಿ ಆರೇ ಕೈ ಎದ್ದವು, ಅದರಲ್ಲಿ ಒಂದು ನನ್ನದು.

ನಮ್ಮ ಕಾಲೇಜಿನ ಮೇಡಂ ಆಗಲೇ ಹಾಸಿಗೆ ಹಿಡಿದಿದ್ದರು. ಹೋಗಿ ಪಕ್ಕದಲ್ಲಿ ಕೂತು ಸೋತ ಕಥೆ ಹೇಳಿದೆ.

"ಅವರ ಪರವಾಗಿ ನೀನೊಬ್ಳೇ ಮಾತಾಡಿದ್ಯಾ? ಅವರನ್ನ ಕರೀಲಿಲ್ವಾ?" ಅಂದರು.

ಕರೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅವರು ನನ್ನ ಕೈ ತಟ್ಟಿ ಕಣ್ಣು ಮುಚ್ಚಿಕೊಂಡರು. ಅದೇ ಅವರ ಕೊನೆಯ ಪಾಠ. ತಿಂಗಳೊಳಗೆ ತೀರಿಕೊಂಡರು.

ಮುಂದಿನ ಮೀಟಿಂಗಿಗೆ, ನಾನು ಕರೆದದ್ದಕ್ಕೆ, ಕೆಲಸಕ್ಕೆ ಬರುವ ಮೂವರು ಹೆಂಗಸರು ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಒಬ್ಬರು ಸೆರಗು ಬಿಗಿಮಾಡಿಕೊಂಡು, ಹೋದಸಲ ಕ್ಲೀನಿಂಗಿನ ಪ್ರಶ್ನೆ ಎತ್ತಿದ್ದವರ ಕಡೆ ತಿರುಗಿ, "ಸಾರ್, ಆರು ವರ್ಷದಿಂದ ನಿಮ್ಮನೆ ಟಾಯ್ಲೆಟ್ ನಾನೇ ತೊಳೀತಿರೋದು. ಒಂದಿನಾನೂ ಒಳಗೆ ಹೋಗಿ ಕೂತಿಲ್ಲ" ಅಂದರು.

ಮತ್ತೆ ಮತಕ್ಕೆ ಹಾಕಿದಾಗ ಮೊದಲು ಎದ್ದದ್ದು ಆ ಸಾರ್ ಅವರದೇ ಕೈ. ಆಮೇಲೆ ಒಂದೊಂದಾಗಿ ಉಳಿದವು. ಎಣಿಸುವ ಕೆಲಸ ನನ್ನದಾಗಿತ್ತು. ಮೇಡಂ ನೆನಪಾಗಿ ಕಣ್ಣು ಮಂಜಾಯಿತು. ಪಕ್ಕದವರಿಗೆ, "ನೀವೇ ಎಣಿಸಿಬಿಡಿ" ಅಂದೆ.