ಕೊಟ್ಟಿಗೆಗೆ ಹೋಗುತ್ತಿದ್ದ ಎರಡು ಎಲೆ

ಕಡರನಾಯಕನಹಳ್ಳಿಯ ಆ ಮನೆಯಲ್ಲಿ ದೀಪಾವಳಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ನಡುಮನೆಯಲ್ಲಿ ಸಾಲಾಗಿ ಬಾಳೆ ಎಲೆ ಹಾಸುತ್ತಾರೆ. ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು ಎಲೆ. ಬಡಿಸುವವರು ಅವರವರ ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಎರಡು ಎಲೆ ಮಾತ್ರ ಹಿತ್ತಲ ದನದ ಕೊಟ್ಟಿಗೆಗೆ ಹೋಗುತ್ತಿದ್ದವು. ಒಂದು ನೂರೈವತ್ತು ವರ್ಷದ ಹಿಂದಿನ ಉಜ್ಜನಪ್ಪಜ್ಜನದು, ಇನ್ನೊಂದು ಮರುಳಸಿದ್ದಮ್ಮನ ಗಂಡ ಪಂಚಾಕ್ಷರಪ್ಪನದು. ಇಬ್ಬರಿಗೂ ಬುದ್ಧಿ ಕೆಟ್ಟಿತ್ತು. ಅವರಿಬ್ಬರ ಹೆಸರನ್ನು ಯಾರೂ ಕರೆಯುತ್ತಿರಲಿಲ್ಲ.

ಮರುಳಸಿದ್ದಮ್ಮನಿಗೆ ಇನ್ನು ಬೇರೆ ಆಸೆ ಇರಲಿಲ್ಲ. ತಾನು ಕಣ್ಣು ಮುಚ್ಚುವುದರೊಳಗೆ ಗಂಡನ ಎಲೆ ಒಂದು ಸಲ ನಡುಮನೆಗೆ ಬರಬೇಕು.

ಈ ಸಲ ಹಬ್ಬಕ್ಕೆ ಮೊದಲು ಮೈದುನ ನಾಗಭೂಷಣ ದಾವಣಗೆರೆಗೆ, ವಿನೋಬನಗರದ ಅವಳ ಮನೆಗೆ ಬಂದ. ಕೈಯಲ್ಲಿ ಒಂದು ಬಟ್ಟೆಗಂಟು.

"ಅತ್ಗೆಮ್ಮ, ಕೊಟ್ಟಿಗಿ ಕೆಡವಿದ್ವಿ. ಕಾರು ಬಿಸಿಲಿಗೆ ನಿಲ್ತೈತೆ ಅಂತ ಅಲ್ಲಿ ತಗಡು ಹಾಕ್ಸಿದ್ವಿ."

"ದನಕ್ಕೆ ತಾಗದ ಬಿಸಿಲು ಕಾರಿಗೆ ತಾಗ್ತೈತೇನಪ್ಪ?"

"ನಿಮ್ಮದೊಂದು. ಗೋಡೆ ಗೂಡಿನಾಗ ಇದು ಸಿಕ್ತು. ಹಳೇ ಕಾಗದ. ರೂಪಶ್ರೀ ಓದ್ತಾಳೆ ನೋಡ್ರಿ."

ರೂಪಶ್ರೀ ಅವನ ಮಗಳು. ದೊಡ್ಡಮ್ಮನ ಮನೆಯಲ್ಲೇ ಇದ್ದುಕೊಂಡು ಕಾಲೇಜಿಗೆ ಹೋಗುತ್ತಾಳೆ. ಮರುಳಸಿದ್ದಮ್ಮನಿಗೆ ಬಸ್ಸಿನ ಬೋರ್ಡು ಕೂಡಿಸಿ ಓದುವಷ್ಟು ಅಕ್ಷರ ಬರುತ್ತದೆ, ಅಷ್ಟೆ. ಹುಡುಗಿ ನಿಧಾನವಾಗಿ ಓದಿದಳು, ಇವಳು ಒಂದೊಂದು ಮಾತನ್ನೂ ಎರಡೆರಡು ಸಲ ಹೇಳಿಸಿಕೊಂಡಳು.

ಮೊದಲಿನವೆಲ್ಲ ಉಜ್ಜನಪ್ಪನದೇ ಬರಹ. ಹತ್ತಿಯ ಗಾಡಿ ಕಟ್ಟಿಕೊಂಡು ದಾವಣಗೆರೆ ಪೇಟೆಗೆ ಹೋಗುತ್ತಿದ್ದ ಮನುಷ್ಯ. ಅಕ್ಷರ ಜೋಡಿಸಿಟ್ಟ ಮುತ್ತಿನಂತೆ. ಯಾವ ಎತ್ತು ಕುಂಟಿತು, ಮಗ ಚನ್ನಬಸವನಿಗೆ ಯಾವ ಊರಿನ ಹೆಣ್ಣು ನೋಡಿದೆ, ಎಲ್ಲ ಬರೆದಿದ್ದ.

ಆಮೇಲೆ ಈಶ್ವರ ಸಂವತ್ಸರದ ಬರ. ಮನೆಯ ಮುಂದೆ ನೆಲದೊಳಗೆ ಜೋಳ ತುಂಬಿಟ್ಟ ಹಗೇವು ಇತ್ತು. ಊರವರು ಕಾಳಿಗಾಗಿ ಬಾಗಿಲಿಗೆ ಬಂದು ಕೂತಿದ್ದರು. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಬಾಯಿ ತೆಗೆದು ಒಂದು ದಿನ ಬಿಡಬೇಕು, ದೀಪ ಇಳಿಸಿ ನೋಡಬೇಕು, ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಅಷ್ಟು ಹೊತ್ತು ಕಾಯಿಸಲು ಉಜ್ಜನಪ್ಪನಿಗೆ ಮನಸ್ಸು ಬರಲಿಲ್ಲ. ಕೂಸುಗಳು ಅಳುತ್ತಿದ್ದವು. "ಇಳಿ" ಎಂದ. ಚನ್ನಬಸವ ಇಳಿದ, ಮೇಲೆ ಬರಲಿಲ್ಲ.

ಮುಂದಿನ ಹಾಳೆಯಲ್ಲೂ ಅದೇ ಮುತ್ತಿನ ಅಕ್ಷರ. ಆದರೆ ಮೇಲಿಂದ ಕೆಳತನಕ ಒಂದೇ ಮಾತು: ಬಾಯಿ ತೆರೆದಿಡಿ, ಬಾಯಿ ತೆರೆದಿಡಿ.

ರೂಪಶ್ರೀ ನಿಲ್ಲಿಸಿದಳು. ಮರುಳಸಿದ್ದಮ್ಮ, "ಓದವ್ವ" ಎಂದಳು.

ಕೊನೆಯ ಕಾಗದ ಉಜ್ಜನಪ್ಪನ ಹೆಂಡತಿ ಕೊಟ್ರಮ್ಮ ಹರಿಹರದಲ್ಲಿ ಪಂಚರ ಮುಂದೆ ಹೇಳಿ ಬರೆಸಿದ್ದು: ಗಂಡನಿಗೆ ಬಾಗಿಲು ಮುಚ್ಚಿದರೆ ಉಸಿರು ಕಟ್ಟುತ್ತದೆ, ಚೀರುತ್ತಾನೆ. ಭಾವನವರು ಸರಪಳಿ ಹಾಕಬೇಕು ಎನ್ನುತ್ತಾರೆ. ಹಾಕಕೂಡದು. ಕದವಿಲ್ಲದ ಕೊಟ್ಟಿಗೆಯಲ್ಲಿ ಅವನು ಸುಮ್ಮನಿರುತ್ತಾನೆ. ನಾನು ಅಲ್ಲಿಯೇ ಅವನಿಗೆ ಎಲೆ ಹಾಕಿ, ಪಕ್ಕದಲ್ಲಿ ನನ್ನ ಎಲೆ ಹಾಕಿಕೊಂಡು ಉಣ್ಣುತ್ತೇನೆ. ಅವನು ಹೋದ ಮೇಲೂ ಅವನ ಎಡೆ ಅಲ್ಲಿಯೇ ಇಡಬೇಕು, ಒಳಗೆ ಕರೆದು ಹೆದರಿಸಬಾರದು. ಕೆಳಗೆ ಸಹಿಯ ಬದಲು ಕೊಟ್ರಮ್ಮನ ಬಳೆಯ ಗುಂಡನೆಯ ಗುರುತು.

"ಅಂದ್ರ ಅಜ್ಜನ್ನ ಹೊರಗ ಹಾಕಿದ್ದಲ್ಲ" ಎಂದಳು ರೂಪಶ್ರೀ.

ಮರುಳಸಿದ್ದಮ್ಮ ಆ ಬಳೆಯ ಗುರುತಿನ ಮೇಲೆ ಬೆರಳಿಟ್ಟುಕೊಂಡು ಕೂತಳು. ಅವಳ ಗಂಡನಿಗೆ ಮುಚ್ಚಿದ ಬಾಗಿಲಿನ ಭಯವಿರಲಿಲ್ಲ. ಕೆಲಸಕ್ಕಿದ್ದ ಹತ್ತಿ ಗಿರಣಿ ನಿಂತ ಮೇಲೆ ಅವನ ಕಿವಿಯಲ್ಲಿ ಯಾರೋ ಮಾತಾಡುತ್ತಿದ್ದರು. ಮಾತ್ರೆ ತಗೊಂಡರೆ ವಾರಗಟ್ಟಲೆ ನಿದ್ದೆ, ಬಿಟ್ಟರೆ ಬೀದಿ ಬೀದಿ ಅಲೆದಾಟ. ಹಬ್ಬಕ್ಕೆ ಊರಿಗೆ ಹೋದರೆ ಬೀಗರು ಬಂದಿದ್ದಾರೆ ಅಂತ ಅವನಿಗೆ ಕೊಟ್ಟಿಗೆಯಲ್ಲಿ ಎಲೆ. "ಉಜ್ಜನಪ್ಪಜ್ಜನ ಜಾಗ ಐತಲ್ಲ" ಎನ್ನುತ್ತಿದ್ದರು. ಹಿರಿಸೊಸೆ ಒಳಗೆ ಬಡಿಸಬೇಕು, ಅವನ ಹತ್ತಿರ ಕೂರುವಂತಿರಲಿಲ್ಲ. ಅವನು ಹಿತ್ತಲ ಕಿಟಕಿಯ ಸರಳು ಹಿಡಿದು ಕೇಳುತ್ತಿದ್ದ: "ಸಿದ್ದಿ, ನನ್ ಎಲೆ ಯಾಕ ಒಳಗಿಲ್ಲ? ನಾನು ಹಿರೇಮಗ ಅಲ್ಲೇನು?"

"ಅಲ್ಲೇ ಐತಲ್ರಿ, ಉಣ್ರಿ. ಆಮ್ಯಾಲೆ ಬರ್ತೀನಿ."

ಅವಳು ಹೋಗುವ ಹೊತ್ತಿಗೆ ಎಲೆಗೆ ನಾಯಿ ಬಾಯಿ ಹಾಕಿರುತ್ತಿತ್ತು. ಒಂದು ಹಬ್ಬದ ಮರುದಿನ ಹರಿಹರದ ಹೊಳೆಯಲ್ಲಿ ಅವನು ಸಿಕ್ಕ.

ಅಮಾವಾಸ್ಯೆಯ ದಿನ ಕೊಟ್ಟಿಗೆಯ ಜಾಗದಲ್ಲಿ ತಗಡಿನ ಕೆಳಗೆ ಕಾರು ನಿಂತಿತ್ತು. ನಡುಮನೆಯಲ್ಲಿ ಎಲೆಗಳ ಸಾಲು. ಮರುಳಸಿದ್ದಮ್ಮ ಸಾಲಿನಿಂದ ಕೊಟ್ರಮ್ಮನ ಎಲೆ ಎತ್ತಿದಳು.

"ಅತ್ಗೆಮ್ಮ, ಏನು ಮಾಡ್ತೀರಿ?" ನಾಗಭೂಷಣ ಎದ್ದು ನಿಂತ.

"ಈಯಮ್ಮನ್ನ ಗಂಡನ ಪಕ್ಕಕ್ಕ ಕಳಿಸ್ತೀನಿ. ಇಷ್ಟು ವರ್ಷ ಅವರನ್ನೂ ಅಗಲಿಸಿದ್ವಿ."

"ಮತ್ತ ಅಣ್ಣಂದು?"

"ಇಲ್ಲಿ, ಈ ಖಾಲಿ ಜಾಗಕ್ಕ."

"ನಡಕೊಂಡು ಬಂದ ಪದ್ಧತಿ ಅತ್ಗೆಮ್ಮ…"

"ಪದ್ಧತಿ ಓದಿಸಿ ಕೇಳಿದ್ವಲ್ಲಪ್ಪ. ಗಂಡ ಎಲ್ಲಿ ಉಣ್ಣಾಕ ಬಯಸಿದ್ನೋ ಅಲ್ಲಿ ಕೊಟ್ರಮ್ಮ ಎಲೆ ಹಾಕಿದ್ಲು. ನಿಮ್ಮಣ್ಣ ಎಲ್ಲಿ ಉಣ್ಣಾಕ ಬಯಸಿದ್ರು? ನೀನೂ ಕೇಳಿಸ್ಕೊಂಡಿದ್ದಿ, ಕಿಟಕಿ ಹತ್ರಾನೇ ಕೂಡ್ತಿದ್ದಿ."

ನಾಗಭೂಷಣ ಕಾರಿನ ಕೀಲಿ ತಗೊಂಡು ಹೊರಗೆ ಹೋಗಿ ಕಾರನ್ನು ಬೀದಿಗೆ ತಂದು ನಿಲ್ಲಿಸಿದ. ತಗಡಿನ ಕೆಳಗೆ ನೆಲ ಸಾರಿಸಿ ರೂಪಶ್ರೀ ಎರಡು ಎಲೆ ಪಕ್ಕಪಕ್ಕದಲ್ಲಿ ಹಾಕಿದಳು, ಇಬ್ಬರ ಹೆಸರೂ ಕರೆದಳು.

ಒಳಗೆ ಮರುಳಸಿದ್ದಮ್ಮ ಹೋಳಿಗೆ ಬಡಿಸಿ ತುಪ್ಪ ಹಾಕಿದಳು. ಇನ್ನು ಹೆಸರು ಹಿಡಿದು ಕರೆಯಬೇಕು. ಮದುವೆಯಾದ ದಿನದಿಂದ ಅವಳು ಗಂಡನ ಹೆಸರು ಹೇಳಿದವಳಲ್ಲ. "ಏನ್ರಿ" ಎಂದೇ ಬಾಳು ಕಳೆದಿತ್ತು. ನಾಲಿಗೆ ತಡವರಿಸಿತು.

"ನಾನು ಕರೀಲೇನು?" ನಾಗಭೂಷಣ ಮೆಲ್ಲಗೆ ಕೇಳಿದ.

"ಬ್ಯಾಡ."

ಅವಳು ಕಿಟಕಿಯ ಕಡೆ ತಿರುಗಿದಳು. ಬಸ್ಸಿನ ಬೋರ್ಡು ಓದುವಂತೆ ಒಂದೊಂದೇ ಅಕ್ಷರ ಕೂಡಿಸಿ ಕರೆದಳು.

"ಪಂ…ಚಾ…ಕ್ಷರಪ್ಪಾರೆ. ಒಳಗ ಬರ್ರಿ. ನಿಮ್ ಎಲೆ ಒಳಗೈತೆ."

ಕಿಟಕಿಯಲ್ಲಿ ಬರಿಯ ಸರಳುಗಳಿದ್ದವು. ಹೋಳಿಗೆಯ ಮೇಲಿನ ತುಪ್ಪ ಹೆಪ್ಪುಗಟ್ಟುವ ತನಕ ಅವಳು ಆ ಎಲೆಯ ಪಕ್ಕದಿಂದ ಏಳಲಿಲ್ಲ.