ಉಚ್ಚೆ ಕೇಳುವ ಡಾಕ್ಟ್ರಮ್ಮ

ಗಿರಿಜಮ್ಮ ಡಾಕ್ಟ್ರು ನಾಡಿ ಹಿಡಿಯುವ ಮೊದಲೇ ಉಚ್ಚೆಯ ಸಮಾಚಾರ ಕೇಳುತ್ತಿದ್ದರು, ಅದೂ ಹೊರಗಿನ ಬೆಂಚಿನವರೆಗೆ ಮುಟ್ಟುವ ದನಿಯಲ್ಲಿ. ಹರಿಹರದ ನಾವೆಲ್ಲ ‘ಒಂದಕ್ಕೆ’ ಎಂದು ಗೊಣಗಿದರೆ, “ಉಚ್ಚೆ ಅನ್ನಾಕೆ ಏನ್ರೀ ನಾಚಿಕೆ? ನಿಂತು ಹೋದ್ರೆ ಗೊತ್ತಾಗ್ತೈತೆ ಅದರ ಬೆಲೆ” ಎನ್ನುತ್ತಿದ್ದರು. ಅವರ ಮೇಜಿನ ಮೇಲೆ ಒಂದು ಸ್ಪಿರಿಟ್ ದೀಪ, ನಾಲ್ಕಾರು ಗಾಜಿನ ನಳಿಕೆ. ಅದ್ದಿ ನೋಡುವ ಪಟ್ಟಿಗಳು ಬಂದು ಎಷ್ಟೋ ಕಾಲವಾಗಿದ್ದರೂ ತಮ್ಮ ಕೈಯಾರೆ ಕಾಯಿಸಿ ನೋಡದೆ ಅವರಿಗೆ ಸಮಾಧಾನವಿಲ್ಲ. ಕಾಯಿಸಿದ ಮೂತ್ರ ಹಾಲು ಒಡೆದಂತೆ ಬೆಳ್ಳಗಾದರೆ ಅದರಲ್ಲಿ ಪ್ರೋಟೀನ್ ಹೋಗುತ್ತಿದೆ, ಕಿಡ್ನಿ ಸರಿಯಿಲ್ಲ ಎಂದು ಅನುಮಾನ ಪಡುತ್ತಿದ್ದರು.

ಕೊರೊನಾ ಕಾಲದಲ್ಲಿ ಅಪ್ಪನಿಗೆ ಜ್ವರ ಬಂತು. ಅಪ್ಪನದು ದಾವಣಗೆರೆಯ ಮಂಡಿಪೇಟೆಯಲ್ಲಿ ಬೆಲ್ಲದ ವ್ಯಾಪಾರ. ಪರೀಕ್ಷೆ ಮಾಡಿಸಿದರೆ ಪಾಸಿಟಿವ್. ಬೆರಳಿಗೆ ಸಿಕ್ಕಿಸುವ ಮೀಟರಿನಲ್ಲಿ ಆಕ್ಸಿಜನ್ ಚೆನ್ನಾಗಿಯೇ ತೋರಿಸುತ್ತಿದ್ದುದರಿಂದ ನಾವು ನಿಶ್ಚಿಂತೆಯಿಂದಿದ್ದೆವು. ಮೈಕೈ ನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತ ಅಪ್ಪ ಮಲಗಿದ್ದರು. ವಿಷಯ ತಿಳಿದು ಡಾಕ್ಟ್ರು ನನಗೆ ಫೋನ್ ಮಾಡಿದರು. “ಉಸಿರು ನೋಡಾಕೆ ಊರೆಲ್ಲಾ ಐತೆ. ಈ ರೋಗ ಕಿಡ್ನಿಗೂ ಕೈ ಹಾಕ್ತೈತೆ. ನಿಮ್ಮಪ್ಪಂದು ಉಚ್ಚೆ ತಗಂಡು ಬಾರವ್ವ.”

ಅವ್ವ ತುಂಬಿ ಕೊಟ್ಟ ಬಾಟಲಿಯನ್ನು ಅವರ ಗೇಟಿನ ಕಂಬದ ಮೇಲಿಟ್ಟು ದೂರ ನಿಂತೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ದೀಪ ಹಚ್ಚಲಿಲ್ಲ.

“ಜ್ವರದಾಗಿರೋ ಮನುಷ್ಯಂದು ಇಷ್ಟು ತಿಳಿ ಇರಲ್ಲ. ನಿಮ್ಮವ್ವಂಗೆ ಫೋನ್ ಹಚ್ಚು.”

ಅವ್ವ ಮೊದಲು ತಡವರಿಸಿದಳು. ಆಮೇಲೆ ಬಾಯಿಬಿಟ್ಟಳು: “ನೊರೆ ನೊರೆ ಇತ್ರೀ ಡಾಕ್ಟ್ರೇ. ಹಂಗೇ ನಿಮ್ಮ ಮುಂದೆ ಕಳ್ಸಾಕೆ ಮನಸ್ಸಾಗ್ಲಿಲ್ಲ. ನೀರು ಬೆರ್ಸಿ, ಬಿಳಿ ಬಟ್ಟೇಲಿ ಸೋಸಿ ಕೊಟ್ಟೆ.”

ನೆಂಟರಿಗೆ ಮಜ್ಜಿಗೆ ಕೊಡುವಾಗಿನ ಮರ್ಯಾದೆಯನ್ನು ಅವ್ವ ಅದಕ್ಕೂ ತೋರಿಸಿದ್ದಳು. ಇನ್ನು ಬೈಗುಳ ಶುರು ಎಂದುಕೊಂಡೆ. ಡಾಕ್ಟ್ರು ಮೆತ್ತಗೆ ಹೇಳಿದರು: “ನಂಗೆ ಬೇಕಾಗಿದ್ದೇ ಆ ನೊರೆ, ತಾಯಿ. ಇನ್ನೊಂದ್ಸಲ ಹಿಡಿದು ಹೆಂಗೈತೋ ಹಂಗೇ ಕಳ್ಸು. ನಾಚ್ಕೋಬ್ಯಾಡ.”

ಎರಡನೆಯ ಸಲದ್ದು ದೀಪದ ಮೇಲೆ ಬೆಳ್ಳಗೆ ಕಟ್ಟಿಕೊಂಡಿತು. ಡಾಕ್ಟ್ರು ಕಿಡ್ನಿಗೆ ಆಗಿಬರದ ಆ ನೋವಿನ ಮಾತ್ರೆ ನಿಲ್ಲಿಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಅದರಲ್ಲೂ ಕಿಡ್ನಿಗೆ ಪೆಟ್ಟು ಬಿದ್ದದ್ದು ಕಾಣಿಸಿತು. ಆಸ್ಪತ್ರೆಯ ಹಾಸಿಗೆಗಾಗಿ ಜನ ಪರದಾಡುತ್ತಿದ್ದ ದಿನಗಳಲ್ಲಿ ದಾವಣಗೆರೆಯ ಕಿಡ್ನಿ ತಜ್ಞರೊಬ್ಬರ ಬೆನ್ನು ಹತ್ತಿ ಅಪ್ಪನಿಗೆ ಜಾಗ ಕೊಡಿಸಿದರು. ಇನ್ನಷ್ಟು ತಡವಾಗಿದ್ದರೆ ಡಯಾಲಿಸಿಸ್ಸೇ ಗತಿ, ಅಷ್ಟಾದರೂ ಉಳಿಯುತ್ತಿದ್ದರೋ ಇಲ್ಲವೋ ಎಂದು ಅಲ್ಲಿನ ವೈದ್ಯರು ಹೇಳಿದರು. ಅಪ್ಪ ನಿಧಾನವಾಗಿ ಚೇತರಿಸಿಕೊಂಡು ಮನೆಗೆ ಬಂದರು.

ಆಮೇಲೂ ಡಾಕ್ಟ್ರು ಬಿಟ್ಟರೆ ತಾನೆ? ಮಂಡಿಪೇಟೆಗೆ ಬಂದಾಗಲೆಲ್ಲ ಅಂಗಡಿ ಮುಂದೆ ನಿಂತು, ಗಿರಾಕಿಗಳ ಎದುರಿಗೇ, “ಸಾವ್ಕಾರ್ರೇ, ಉಚ್ಚೆ ಪರೀಕ್ಷೆ ಮಾಡಿಸಿದ್ರೇನ್ರಿ?” ಎನ್ನುವರು. ಅಪ್ಪ ಬೆಲ್ಲದ ಪೆಂಟೆಗಳ ರಾಶಿಯ ಹಿಂದೆ ಮರೆಯಾಗುವರು. ಆದರೆ ಮರುದಿನವೇ ಹೋಗಿ ಮಾಡಿಸಿಕೊಂಡು ಬರುವರು. ಆ ಹೆಣ್ಣುಮಗಳ ಋಣ ನಮ್ಮ ಮನೆ ಮೇಲೆ ದೊಡ್ಡದು.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ಬಿಸಿಲು ಚುರುಗುಟ್ಟುತ್ತಿತ್ತು. ನೆರಳಿಗೆ ಕೂತುಕೊಳ್ಳಿ ಎಂದರೂ ಅಪ್ಪ ಕೇಳದೆ ಸಾಲಿನಲ್ಲಿ ನಿಂತರು. ಹಿಡಿ ಮಣ್ಣು ಹಾಕಿ, ಕೈಯನ್ನೂ ಒರೆಸಿಕೊಳ್ಳದೆ ನನ್ನ ಭುಜ ಹಿಡಿದುಕೊಂಡರು.

“ಆ ವರ್ಷಾನೇ ನೀನು ನಂಗೆ ಮಣ್ಣು ಹಾಕ್ಬೇಕಿತ್ತವ್ವ,” ಎಂದರು. “ಈ ತಾಯಿ ಬಿಡ್ಲಿಲ್ಲ.”