ವಾಸನೆಯಿಲ್ಲದ ಮನೆ

ಸರಕಾರಿ ಆಸ್ಪತ್ರೆಯ ನೌಕರಿಯಿಂದ ನಿವೃತ್ತಳಾದ ಮೇಲೂ ಜತ್ತದ ಪೇಟೆಯಲ್ಲಿ ನನ್ನನ್ನು ಎಲ್ಲರೂ ಸಿಸ್ಟರ್‌ಬಾಯಿ ಎಂದೇ ಕರೆಯುತ್ತಾರೆ. ತರಕಾರಿ ಕೊಳ್ಳಲು ನಿಂತಾಗಲೂ ಯಾರಾದರೂ ಬಂದು ಊದಿದ ಮೊಳಕಾಲು ತೋರಿಸುತ್ತಾರೆ. ಹೀಗಾಗಿ ಒಂದು ಮುಂಜಾನೆ ಬಟ್ಟೆ ಅಂಗಡಿಯ ಶೇಠರು ಮನೆಗೆ ಬಂದಾಗ ಅವರಿಗೂ ಮೊಳಕಾಲ ನೋವೇ ಇರಬೇಕೆಂದು ಕುರ್ಚಿ ಎಳೆದು ಕೂರಿಸಿದೆ.

ಅವರು ಬಂದದ್ದು ಬೇರೆ ಕೆಲಸಕ್ಕೆ. ಊರ ಹೊರಗೆ, ದಾಳಿಂಬೆ ತೋಟಗಳನ್ನು ದಾಟಿದ ಮೇಲೆ, ಪೇಟೆಯ ಕೆಲವರು ಸೇರಿ ಒಂದು ವೃದ್ಧಾಶ್ರಮ ನಡೆಸುತ್ತಿದ್ದರು. ಹಾಸಿಗೆ ಹಿಡಿದವರನ್ನೂ ಅಲ್ಲಿ ಇಟ್ಟುಕೊಳ್ಳುತ್ತಿದ್ದರು. ಶೇಠರು ಅದರ ಟ್ರಸ್ಟಿನವರಲ್ಲಿ ಒಬ್ಬರು.

"ನಾವು ಅರಿವಿ ಅಳೆಯೂ ಮಂದಿ, ಸಿಸ್ಟರ್‌ಬಾಯಿ," ಎಂದರು. "ಅಲ್ಲಿ ಹೋಗ್ತೀವಿ, ಒಂದು ಸುತ್ತು ನೋಡ್ತೀವಿ, ಚಲೋ ಅದ ಅಂತ ಬರ್ತೀವಿ. ಖರೇನ ಚಲೋ ಅದನೋ ಇಲ್ಲೋ, ನೀವು ನೋಡಿ ಹೇಳ್ರಿ."

"ಚಲೋ ಇಲ್ಲ ಅಂದ್ರ ಸಿಟ್ಟಾಗಬಾರ್ದು ಮತ್ತ."

"ಸಿಟ್ಟ್ಯಾಕ್ರಿ. ಆದ್ರ ನೀವು ಹಂಗ ಅನ್ನಂಗಿಲ್ಲ. ಬಾಗಲದಾಗ ಕಾಲಿಟ್ರ ನಿಮಗ ಗೊತ್ತಾಗ್ತದ."

ಬಾಗಿಲಲ್ಲಿ ಕಾಲಿಟ್ಟಾಗ ನನಗೆ ಗೊತ್ತಾದದ್ದು ಅಲ್ಲಿ ವಾಸನೆಯೇ ಇಲ್ಲ ಎಂಬುದು. ವಯಸ್ಸಾದವರು ಮಲಗಿರುವ ಜಾಗದಲ್ಲಿ ಒಂದು ವಾಸನೆ ಇದ್ದೇ ಇರುತ್ತದೆ. ಎಷ್ಟು ಫಿನಾಯಿಲ್ ಹಾಕಿ ಒರೆಸಿದರೂ ಅದು ಗೋಡೆಯ ಬುಡದಲ್ಲಿ, ಗಾದಿಯ ಹೊಲಿಗೆಯಲ್ಲಿ ಉಳಿದುಕೊಳ್ಳುತ್ತದೆ. ಇಲ್ಲಿ ಇಲ್ಲ. ಬಿಳಿ ಚಾದರಗಳು ಇಸ್ತ್ರಿ ಮಾಡಿದಂತೆ ನೆಟ್ಟಗಿದ್ದವು. ಎಲ್ಲರ ಕೂದಲೂ ಸಣ್ಣಗೆ ಕತ್ತರಿಸಿದ್ದರು. ಹೆಂಗಸರ ಕೋಣೆಯಿಂದ ಗಂಡಸರ ಕೋಣೆಯವರೆಗೆ ಹೊಳೆಯುವ ಫರಸಿ ಕಲ್ಲಿನ ನೆಲ. ನನ್ನ ನೌಕರಿಯ ಕಾಲದಲ್ಲಿ ಇಂಥ ವಾರ್ಡು ಕನಸಿನಲ್ಲೂ ಸಿಕ್ಕಿರಲಿಲ್ಲ. "ಶೇಠಜಿ, ನೀವು ಹೇಳಿದ್ದು ಖರೆ ಅದ," ಎಂದೆ. ಅವರು ತೃಪ್ತಿಯಿಂದ ನಕ್ಕು, ತಮ್ಮ ಹಳೆಯ ಗೆಳೆಯರೊಬ್ಬರನ್ನು ಮಾತಾಡಿಸಲು ಗಂಡಸರ ಕಡೆಗೆ ಹೋದರು. ಆ ಗೆಳೆಯರು ಮೊದಲು ಅವರ ಅಂಗಡಿಯ ಮುಂದೆಯೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ.

ಅಲ್ಲಿನ ಉಸ್ತುವಾರಿ ನೋಡುವ ಹೆಂಗಸು ನಲವತ್ತು ದಾಟಿದವಳು. ಚುರುಕು, ನಗುಮುಖ. ನಾನು ಕೇಳುವ ಮೊದಲೇ ಎಲ್ಲ ತೋರಿಸಿದಳು. ನಾನು ನನ್ನ ರೀತಿಯಲ್ಲಿ ನೋಡುತ್ತ ಹೋದೆ. ಹಾಸಿಗೆ ಹಿಡಿದವರ ಆರೈಕೆ ಹೇಗಿದೆ ಎಂದು ತಿಳಿಯಬೇಕಾದರೆ ಮುಖ ನೋಡಬಾರದು, ಹಿಮ್ಮಡಿ ನೋಡಬೇಕು, ಬೆನ್ನಿನ ಕೆಳಗೆ ಕೈ ಹಾಕಿ ನೋಡಬೇಕು. ಎಲ್ಲಿಯೂ ಒಂದು ಹುಣ್ಣಿಲ್ಲ. ಉಗುರು ಕತ್ತರಿಸಿದ್ದರು. ಮಗ್ಗುಲು ಬದಲಿಸುವುದನ್ನು ಮರೆತಿರಲಿಲ್ಲ. ನಾನು ಮನಸ್ಸಿನಲ್ಲೇ ಅವಳಿಗೆ ಶಹಬ್ಬಾಸ್ ಅನ್ನುತ್ತಿದ್ದೆ.

ಕಿಟಕಿಯ ಪಕ್ಕದ ಮಂಚದಲ್ಲಿ ಸಂಖ ಎಂಬ ಊರ ಕಡೆಯ ಒಬ್ಬ ಮುದುಕಿ ಇದ್ದಳು. ಕೈಯಲ್ಲಿ ಏನೂ ಇಲ್ಲದಿದ್ದರೂ ಬಟ್ಟೆ ಮಡಚುವವಳಂತೆ ಬೆರಳು ಆಡಿಸುತ್ತಿದ್ದಳು. "ಈಕಿಗಿ ತಿಳುವಳಿಕಿ ಇಲ್ರಿ. ಬಂದಾಗಿಂದ ಹಿಂಗ," ಎಂದಳು ಉಸ್ತುವಾರಿಯವಳು. ನಾನು ಪಕ್ಕದಲ್ಲಿ ಕುಳಿತು, ಅಭ್ಯಾಸಬಲದಿಂದ, "ಆಯಿ, ನಾಲಿಗಿ ತೋರಸ್ರಿ" ಎಂದೆ.

ಅವಳು ಬಾಯಿ ತೆರೆದಳು. ಬಿಸಿಲಲ್ಲಿ ಬಿದ್ದ ದಾಳಿಂಬೆ ಸಿಪ್ಪೆಯಂತಿತ್ತು ಆ ನಾಲಿಗೆ. ಒಣಗಿ ಕಂದು ಬಣ್ಣಕ್ಕೆ ತಿರುಗಿ ಬಿರಿದಿತ್ತು. ಎದೆಯ ಮೇಲಿನ ಚರ್ಮ ಹಿಡಿದು ಬಿಟ್ಟೆ. ಮೈಯಲ್ಲಿ ನೀರಿದ್ದರೆ ಅದು ಕೂಡಲೇ ಸಮವಾಗಬೇಕು; ಹಿಡಿದಂತೆಯೇ ನಿಂತಿತು.

ನೀರಿಗಾಗಿ ಸುತ್ತ ನೋಡಿದೆ. ಆಗ ಕಣ್ಣಿಗೆ ಬಿತ್ತು: ಯಾವ ಮಂಚದ ಹತ್ತಿರವೂ ನೀರಿರಲಿಲ್ಲ. ಚೆಂಬು, ಗ್ಲಾಸು, ಬಾಟಲಿ, ಏನೂ ಇಲ್ಲ. ಬಾಗಿಲ ಹೊರಗಿನ ಹರವಿಯಿಂದ ನಾನೇ ಒಂದು ಗ್ಲಾಸು ತುಂಬಿ ತಂದೆ. ಮುದುಕಿ ಗ್ಲಾಸನ್ನು ನೋಡಿದಳು, ಕೈ ಚಾಚಲಿಲ್ಲ. ಮೊದಲು ನನ್ನ ಹೆಗಲ ಮೇಲಿಂದ ಬಾಗಿಲಲ್ಲಿ ನಿಂತಿದ್ದ ಮಾವಶಿಯನ್ನು ನೋಡಿದಳು. ಆಸ್ಪತ್ರೆಗಳಲ್ಲಿ ಆಯಾಗಳನ್ನು ನಮ್ಮ ಕಡೆ ಮಾವಶಿ ಎನ್ನುತ್ತೇವೆ.

"ಕುಡೀರಿ, ಆಯಿ."

"ಬೈತಾರ," ಎಂದಳು. ತಿಳುವಳಿಕೆ ಇಲ್ಲ ಎನಿಸಿಕೊಂಡ ಮುದುಕಿ ಅಷ್ಟನ್ನು ಮಾತ್ರ ಸ್ಪಷ್ಟವಾಗಿ ಅಂದಳು.

ನಾನು ಗ್ಲಾಸನ್ನು ತುಟಿಗೆ ಹಿಡಿದೆ. ಅವಳು ಕುಡಿಯುವ ಸದ್ದಿಗೆ ಕೋಣೆಯ ತಲೆಗಳೆಲ್ಲ ಒಂದೊಂದಾಗಿ ಇತ್ತ ತಿರುಗಿದವು. ಎಲ್ಲರ ಕಣ್ಣೂ ಗ್ಲಾಸಿನ ಮೇಲೆ. ಮೂಲೆಯ ಮಂಚದಿಂದ ಒಂದು ಕೈ ನಿಧಾನವಾಗಿ ಚಾಚಿಕೊಂಡು ಗಾಳಿಯಲ್ಲಿ ನಿಂತಿತು.

ಹೆಣಗಳ ನಡುವೆ ಕೆಲಸ ಮಾಡಿ ಬಂದವಳು ನಾನು. ಸುಟ್ಟ ಮೈಗಳನ್ನು ತೊಳೆದಿದ್ದೇನೆ. ಆದರೆ ಇಂಥ ಕೈ ನೋಡಿರಲಿಲ್ಲ. ಗ್ಲಾಸು ಹಿಡಿದುಕೊಂಡೇ ತಿರುಗಿ ನಿಂತೆ.

"ಇವ್ರಿಗಿ ನೀರು ಯಾವಾಗ ಕೊಡ್ತೀರಿ?" ಎಂದು ಉಸ್ತುವಾರಿಯವಳನ್ನು ಕೇಳಿದೆ.

ಅವಳು ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದ ಸಂಗತಿ ಎಂದು ಅವಳಿಗೆ ಅನಿಸಿಯೇ ಇರಲಿಲ್ಲ. "ಮುಂಜಾನಿ ಚಾ ಕೊಡ್ತೀವ್ರಿ. ಊಟದ ಜೋಡಿ ಅರ್ಧಾ ಗ್ಲಾಸ್ ನೀರು. ಗುಳಿಗಿ ನುಂಗಾಕ ಒಂದು ಗುಟುಕು. ಮಧ್ಯಾಹ್ನದ ಮ್ಯಾಲ ಕೊಡಂಗಿಲ್ರಿ. ಕೊಟ್ರ ಹಾಸಗಿ ತೋಯ್ತಾವ."

"ತೋಯ್ದ್ರ ಒಗೀಬೇಕು."

"ಇಬ್ಬರೇ ಮಾವಶಿ ಅದಾರ್ರಿ. ಕೈಲೆ ಒಗಿಯೂದು. ಗಾದಿ ಒಣಗೂದಿಲ್ಲ, ವಾಸನಿ ಹಿಡಿತಾವ." ಸ್ವಲ್ಪ ತಡೆದು ಹೇಳಿದಳು, "ಇಲ್ಲಿ ಬಂದವ್ರು ಮೊದಲ ಮೂಗಿಲೆ ನೋಡ್ತಾರ್ರಿ, ಸಿಸ್ಟರ್. ಮೊದಲ ಭಾಳ ಬೈಸ್ಕೊಂಡೀನಿ. ಹೇಸಗಿ ಜಾಗಾ ಅಂದ್ರು, ಹಂದಿ ಗೂಡು ಅಂದ್ರು. ಈಗ ನೋಡ್ರಿ, ನೀವೂ ಬಂದ ಕೂಡಲೆ ಚಲೋ ಅಂದ್ರಿ."

ನಾನು ಅಂದದ್ದು ಹೌದು.

"ಎಸ್‌ಟಿ ಬಸ್ಸಿನ್ಯಾಗ ದೂರ ಹೊಂಟ್ರ ನಾವು ಹೆಣ್ಮಕ್ಳೂ ಕುಡಿಯಂಗಿಲ್ಲಲ್ರಿ," ಎಂದಳು ಅವಳು, ನನಗೆ ಸಮಾಧಾನ ಹೇಳುವ ದನಿಯಲ್ಲಿ. "ಹಂಗಂತ ಸಾಯ್ತೀವೇನ್ರಿ?"

ಅವಳ ಬಾಯಲ್ಲಿ ಅದು ಎಷ್ಟು ಸಹಜವಾಗಿ ಬಂತೆಂದರೆ, ಒಂದು ಕ್ಷಣ ಅದೇ ಸರಿ ಎನ್ನಿಸುವಂತಿತ್ತು. ಅವಳು ಕ್ರೂರಿಯಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳೇ ಆ ಮುದುಕಿಯರ ಬೆನ್ನಿಗೆ ಪೌಡರು ಹಚ್ಚುತ್ತಿದ್ದಳು, ಹಲ್ಲಿಲ್ಲದವರಿಗೆ ರೊಟ್ಟಿ ಹಾಲಲ್ಲಿ ನೆನೆಸಿ ಉಣಿಸುತ್ತಿದ್ದಳು. ಅದೇ ಕೈ ನೀರನ್ನು ಬಾಗಿಲ ಹೊರಗೆ ಇಟ್ಟಿತ್ತು.

ಅಷ್ಟರಲ್ಲಿ ಶೇಠರು ಬಂದರು. ನಾನು ಹೇಳುವ ಮೊದಲೇ ಅವರಿಗೆ ತಿಳಿದಿತ್ತು. ನನ್ನ ಪ್ರಶ್ನೆ ಗೋಡೆಯಾಚೆಗೂ ಕೇಳಿಸಿತ್ತಂತೆ.

"ನಮ್ಮ ದರ್ಜಿಗಿ ಪ್ರತಿ ಶುಕ್ರವಾರ ಖಜೂರ ತರ್ತೀನ್ರಿ ನಾನು," ಎಂದರು. "ಪ್ರತಿ ಸಲ ಆತ ಒಂದ ಮಾತು ಅಂತಿದ್ದ. ಖಜೂರ ಬ್ಯಾಡೋ, ನೀರು ತಾ. ನಾನು ಚ್ಯಾಷ್ಟಿ ಮಾಡ್ತಾನ ಅನ್ಕೊಂಡು ನಗ್ತಿದ್ದೆ. ಆಮ್ಯಾಲ ತಲಿ ಕೆಟ್ಟದ ಅನ್ಕೊಂಡೆ."

ಅವರು ಅಲ್ಲೇ ಹರವಿಯ ಮುಂದೆ ನಿಂತು ಗ್ಲಾಸು ತುಂಬಲು ತೊಡಗಿದರು. ಅವಸರಕ್ಕೆ ನೀರು ಪಾಯಜಾಮದ ಮೇಲೆ ಚೆಲ್ಲುತ್ತಿತ್ತು. ಒಮ್ಮೆಲೇ ಕೊಡಬೇಡಿ, ಗಂಟಲಿಗೆ ಹತ್ತುತ್ತದೆ, ಚಮಚದಿಂದ ಕೊಡಿ ಎಂದು ನಾನು ಹೇಳಿದೆ. ಮಾವಶಿಯರಲ್ಲಿ ಒಬ್ಬಳು ತಾನಾಗಿ ಬಂದು ಮೂಲೆಯ ಮಂಚದವಳ ತಲೆ ಎತ್ತಿ ಹಿಡಿದಳು. ಆ ಮಧ್ಯಾಹ್ನವೆಲ್ಲ ನಾವು ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುತ್ತ ಬರೀ ನೀರು ಕುಡಿಸಿದೆವು. ಉಸ್ತುವಾರಿಯವಳು ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ಅವಮಾನವೋ ಸಿಟ್ಟೋ, ಅವಳ ಮುಖದಿಂದ ತಿಳಿಯಲಿಲ್ಲ.

ಮರುದಿನ ಡಾಕ್ಟರರನ್ನು ಕರೆತಂದೆವು. ಕೆಲವರಿಗೆ ಸಲಾಯಿನ್ ಹಚ್ಚಬೇಕಾಯಿತು. ಒಬ್ಬ ಅಜ್ಜನನ್ನು ಮೂತ್ರದ ಸೋಂಕಿಗಾಗಿ ಆಸ್ಪತ್ರೆಗೆ ಸಾಗಿಸಿದೆವು.

ಟ್ರಸ್ಟಿನವರ ಸಭೆಯಲ್ಲಿ ನಾನು ನೋಡಿದ್ದನ್ನು ನೋಡಿದಂತೆ ಹೇಳಿದೆ. ಕೆಲವರು ತಲೆ ತಗ್ಗಿಸಿದರು. ಒಬ್ಬರು ಮಾತ್ರ, "ಊರಾಗ ನಮ್ಮ ಸಂಸ್ಥಾದ ಹೆಸರು ಕೆಡ್ತದ, ಇದನ್ನ ಇಲ್ಲೇ ಬಿಡ್ರಿ," ಎಂದರು. ಶೇಠರು ಎದ್ದು ನಿಂತು, "ಹೆಸರು ಆಮ್ಯಾಲ ನೋಡೂಣು, ಮೊದಲ ಅವ್ರಿಗಿ ನೀರು ಕೊಡೂಣು," ಎಂದರು. ಅವರು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಒಗೆಯುವ ಮಶೀನು ಬಂತು. ಮುಚ್ಚಂಡಿ ಹಳ್ಳಿಯಿಂದ ಇನ್ನಿಬ್ಬರು ಮಾವಶಿಯರು ಬಂದರು. ಪ್ರತಿ ಮಂಚದ ಬಳಿ ಮುಚ್ಚಳದ ಲೋಟ ಇಟ್ಟೆವು. ಉಸ್ತುವಾರಿಯವಳನ್ನು ತೆಗೆದುಬಿಡಬೇಕೆಂದು ಕೆಲವರು ಹಟ ಹಿಡಿದಾಗ ಬೇಡ ಎಂದವಳು ನಾನೇ. ಹೊಸಬಳು ಬಂದರೆ ಅವಳನ್ನೂ ನಾವು ಮೂಗಿನಿಂದಲೇ ಅಳೆಯುತ್ತೇವೆ, ಅವಳೂ ಇದನ್ನೇ ಕಲಿಯುತ್ತಾಳೆ ಎಂದೆ. ಅವಳು ನನ್ನ ಜೊತೆ ಬಹಳ ದಿನ ಮಾತು ಬಿಟ್ಟಿದ್ದಳು. ಕೆಲಸ ಮಾತ್ರ ಬಿಡಲಿಲ್ಲ.

ಹಾಸಿಗೆಗಳು ತೋಯ್ದವು. ಎಷ್ಟು ಒಗೆದರೂ ಕೋಣೆಗೆ ಒಂದು ಹುಳಿ ವಾಸನೆ ಬಂತು. ನಾನು ಅಲ್ಲಿದ್ದಾಗಲೇ ಒಂದು ದಿನ ಶೇಗಾಂವದ ಒಂದು ಕುಟುಂಬ ತಮ್ಮ ತಂದೆಯನ್ನು ನೋಡಲು ಬಂತು. ಮಗ ಬಾಗಿಲಲ್ಲೇ ದಸ್ತಿಯಿಂದ ಮೂಗು ಮುಚ್ಚಿದ. ತಂದೆಯ ಲೋಟದಲ್ಲಿ ನೀರಿತ್ತು, ಅವರ ಕಣ್ಣಿಗೆ ಕಳೆ ಬಂದಿತ್ತು, ಮಗನ ಹೆಸರು ಹಿಡಿದು ಕರೆದರು. ಆ ಮಗ ನನ್ನ ಕಡೆ ತಿರುಗಿ, "ಮೊದಲ ಭಾಳ ಸ್ವಚ್ಛ ಇತ್ರಿ ಇಲ್ಲಿ," ಎಂದ. ನಾನು ಎಲ್ಲ ವಿವರಿಸಿ ಹೇಳಿದೆ. ಅವನು ಕೇಳಿಸಿಕೊಂಡ, ಹೌದೌದು ಎಂದ. ಅದೇ ವಾರ ತಂದೆಯನ್ನು ಬೇರೆ ಕಡೆಗೆ ಕರೆದುಕೊಂಡು ಹೋದ. ಅಲ್ಲಿ ವಾಸನೆ ಇಲ್ಲವಂತೆ.

ದರ್ಜಿಗೆ ಏನೂ ಸುಧಾರಣೆಯಾಗಲಿಲ್ಲ. ಅವರ ಮರೆವು ನಿಜವಾದ ಮರೆವೇ ಆಗಿತ್ತು. ಶೇಠರು ಈಗಲೂ ಶುಕ್ರವಾರ ಹೋಗಿ ಚಮಚದಿಂದ ನೀರು ಕುಡಿಸುತ್ತಾರೆ.

ಆದರೆ ಕಿಟಕಿಯ ಪಕ್ಕದ ಸಂಖದ ಮುದುಕಿ. ಅವಳ ವಿಷಯಕ್ಕೆ ನಾನು ಸಿದ್ಧಳಾಗಿರಲಿಲ್ಲ. ವಯಸ್ಸಾದವರಿಗೆ ಮೈಯಲ್ಲಿ ನೀರು ಕಡಿಮೆಯಾದರೆ ಬುದ್ಧಿ ಮಂಕಾಗುತ್ತದೆ ಎಂಬುದನ್ನು ನೌಕರಿಗೆ ಸೇರಿದ ಹೊಸದರಲ್ಲೇ ಕಲಿತಿದ್ದೆ. ಕಲಿತದ್ದು ಕಣ್ಣೆದುರು ಎದ್ದು ಕುಳಿತು ಮಾತಾಡುವುದು ಬೇರೆ. ಒಂದು ಮುಂಜಾನೆ ನಾನು ಹೋದಾಗ ಅವಳು ದಿಂಬಿಗೆ ಒರಗಿ ಕುಳಿತಿದ್ದಳು. ಬೆರಳುಗಳು ಸುಮ್ಮನಿದ್ದವು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀ ಯಾರವ್ವಾ?"

"ನಾನು ಸಿಸ್ಟರ್ರಿ, ಆಯಿ."

"ದವಾಖಾನಿ ಏನಿದು?"

"ಅಲ್ರಿ. ವೃದ್ಧಾಶ್ರಮ. ಜತ್ತದ ಹತ್ರ."

ಅವಳು ಕಿಟಕಿಯ ಹೊರಗೆ ನೋಡಿದಳು. ಮತ್ತೆ ಕೋಣೆಯೊಳಗಿನ ಸಾಲು ಮಂಚಗಳನ್ನು ನೋಡಿ, ತನ್ನದೇ ಕತ್ತರಿಸಿದ ಕೂದಲನ್ನು ಕೈಯಿಂದ ಮುಟ್ಟಿ ನೋಡಿಕೊಂಡಳು. "ನನ್ನ ತುರುಬು ಯಾರು ತಗದ್ರು?" ಎಂದಳು. "ನನ್ನ ಇಲ್ಲಿ ಯಾರು ತಂದ್ರು?"

ಮಗಳು ತಂದಿದ್ದಳು. ಜ್ವರ ಬಂದು ಬಡಬಡಿಸತೊಡಗಿದ ತಾಯಿಯನ್ನು ಆಸ್ಪತ್ರೆಗೆ ತೋರಿಸಿ, ಜ್ವರ ಇಳಿದರೂ ಬಡಬಡಿಕೆ ನಿಲ್ಲದಾಗ, ಇನ್ನು ಇವಳಿಗೆ ಇಷ್ಟೇ ಎಂದು ಯಾರೋ ಹೇಳಿದ ಮಾತು ನಂಬಿ ಇಲ್ಲಿ ತಂದು ಬಿಟ್ಟಿದ್ದಳು. ಬಂದಾಗಲೆಲ್ಲ ತಾಯಿ ಗುರುತು ಹಿಡಿಯದೆ ಹೋದದ್ದಕ್ಕೆ ಅತ್ತು ಹೋಗುತ್ತಿದ್ದಳಂತೆ. ನಾನೇ ಅವಳಿಗೆ ಫೋನ್ ಮಾಡಿಸಿ, ಲಗೂನ ಬರ್ರಿ ಎಂದಷ್ಟೇ ಹೇಳಿದೆ. ಸತ್ತ ಸುದ್ದಿಯೆಂದೇ ತಿಳಿದು ಬಂದಳು. ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು.

"ಯಾಕ ಅಳ್ತಿ?" ಎಂದಳು ತಾಯಿ. "ಎಮ್ಮಿ ಈಯ್ತೇನ?"

ಮಗಳು ಬಂದು ಮಂಚದ ಬಳಿ ಕುಳಿತಳು. ಅಳುತ್ತಲೇ, "ಈದೈತವ್ವಾ. ಕರ ಈಗ ಮೇವು ತಿಂತೈತಿ," ಎಂದಳು. ಮುದುಕಿ ಹುಬ್ಬು ಗಂಟಿಕ್ಕಿದಳು. ತಾನು ಎಷ್ಟು ಕಾಲ ಇಲ್ಲಿದ್ದೆನೆಂದು ಕರುವಿನ ವಯಸ್ಸಿನಿಂದ ಲೆಕ್ಕ ಹಾಕುತ್ತಿದ್ದಳೆಂದು ಕಾಣುತ್ತದೆ. ಲೆಕ್ಕ ಸಿಕ್ಕಾಗ ಅವಳ ಮುಖ ಬದಲಾಯಿತು. ಮಗಳ ಕೈ ಹಿಡಿದುಕೊಂಡಳು.

ಕೆಲವು ದಿನಗಳಲ್ಲಿ ಡಾಕ್ಟರರು ಮನೆಗೆ ಹೋಗಬಹುದು ಎಂದರು. ನೀರಿನ ಸಂಗತಿಯನ್ನು ನನ್ನಿಂದಲೇ ತಿಳಿದಿದ್ದ ಮಗಳು ಗಾಡಿ ಮಾಡಿಕೊಂಡು ಬಂದಿದ್ದಳು. ತಾಯಿಯನ್ನು ಒಳಗೆ ಕೂರಿಸಿ, ಬಾಗಿಲು ಹಾಕಿ, ನನ್ನನ್ನು ಪಕ್ಕಕ್ಕೆ ಕರೆದಳು.

"ಸಿಸ್ಟರ್, ಒಂದು ಕೇಳ್ತೀನ್ರಿ. ಇಷ್ಟು ದಿನಾ ಅವ್ವಗ ಒಳಗೊಳಗ ತಿಳೀತಿತ್ತೇನ್ರಿ? ತ್ರಾಸು ಆಗ್ತಿತ್ತೇನ್ರಿ?"

ಇಲ್ಲ ಎಂದು ಹೇಳಿದ್ದರೆ ಅವಳು ನಂಬುತ್ತಿದ್ದಳು, ನಿದ್ದೆಯನ್ನೂ ಮಾಡುತ್ತಿದ್ದಳು. ನನಗೆ ಸುಳ್ಳು ಬಾಯಿಗೆ ಬರಲಿಲ್ಲ. "ನೀರಡಿಕಿ ತಿಳೀತಿತ್ತವ್ವಾ," ಎಂದೆ. "ಉಳಿದದ್ದು ನನಗ ಗೊತ್ತಿಲ್ಲ."

ಅವಳು ತಲೆಯಾಡಿಸಿ, ಗಾಡಿ ಹತ್ತಿ ತಾಯಿಯ ಪಕ್ಕದಲ್ಲಿ ಕುಳಿತಳು. ಗಾಡಿ ಸಂಖದ ಹಾದಿ ಹಿಡಿಯಿತು.